ಹಾಜರಿ ಪುಸ್ತಕದಲ್ಲಿ ನಾನು ಬಿಟ್ಟ ಒಂದು ಹೆಸರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

  ಇವತ್ತು ನಾನು ಶಿರಸಿಯ ನಮ್ಮ ಮನೆಯ ಮೆತ್ತಿನ ಮೇಲೆ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಹೊರಗೆ ಮಳೆ. ಮಧ್ಯೆ ಮಧ್ಯೆ ಹಂಚಿನ ಮೇಲೆ ಸದ್ದು ಕೇಳಿದ್ರೆ ಹೊಂದಿಕೊಳ್ಳಿ.

ನಮ್ಮ ಕಡೆ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದ್ರೆ, ‘ಇವನನ್ನ ಧಾರವಾಡಕ್ಕೆ ಕಳಿಸ್ಬೇಕು ಮಾರಾಯಾ’ ಅಂತ ತಮಾಷೆ ಮಾಡ್ತಾರೆ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇದೆ. ಈಗ ಅದರ ಹೆಸರು ಡಿಮ್ಹಾನ್ಸ್. ಕಾಲೇಜಲ್ಲಿ ಬಿ.ಕಾಂ ಓದುವಾಗ ನಾನೂ ಈ ಜೋಕು ಎಷ್ಟು ಸಲ ಮಾಡಿದ್ದೀನೋ ಲೆಕ್ಕ ಇಲ್ಲ. ಈಗ ಯೋಚನೆ ಮಾಡಿದ್ರೆ ಒಂದು ವಿಷಯ ಗಮನಕ್ಕೆ ಬರುತ್ತೆ. ಧಾರವಾಡಕ್ಕೆ ಹೋಗೋದರ ಬಗ್ಗೆ ಜೋಕಿದೆ, ಆದ್ರೆ ಅಲ್ಲಿಂದ ವಾಪಸ್ ಬಂದ ಮೇಲೆ ಏನು ಅನ್ನೋದರ ಬಗ್ಗೆ ಮಾತೇ ಇಲ್ಲ. ಚಿಕಿತ್ಸೆ ತಗೊಂಡು, ಹುಷಾರಾಗಿ ಊರಿಗೆ ಬಂದವರು ಸೋಮವಾರ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ? ಯಾರು ಕೆಲಸ ಕೊಡ್ತಾರೆ? ಕೊಟ್ಟ ಕೆಲಸದಲ್ಲಿ ಅವರು ಉಳಿಯೋ ಹಾಗೆ ಯಾರು ನೋಡ್ಕೋತಾರೆ? ಇವತ್ತಿನ ಸಂಚಿಕೆ ಅದರ ಬಗ್ಗೆ. ಕೊರೊನಾ ಕಾಲದ ಕಥೆ. ಇದರಲ್ಲಿ ತಪ್ಪು ಮಾಡಿದ್ದು ನಾನೇ, ಹಾಗಾಗಿ ಮೊದಲೇ ಹೇಳಿಬಿಡ್ತೀನಿ.

2019ರ ಕೊನೆಯಲ್ಲಿ ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯೋಕೆ ಸೇರಿದೆ. ಬೇರೆ ಊರಿನವರಿಗೆ: ವಖಾರಿ ಅಂದ್ರೆ ಅಡಿಕೆ ತಂದು ಸುರಿದು, ತೂಕ ಮಾಡಿ, ಜಾತಿ ಪ್ರಕಾರ ಆರಿಸಿ, ಚೀಲ ತುಂಬಿಸಿ ಕಳಿಸೋ ಜಾಗ. ಹಾಜರಿ ಪುಸ್ತಕ, ಪಗಾರ ಪಟ್ಟಿ, ಜಿಎಸ್‌ಟಿ ಬಿಲ್ಲು, ಎಲ್ಲ ನನ್ನ ಟೇಬಲ್ ಮೇಲೆ. ಅಲ್ಲಿ ಹತ್ತು ಹನ್ನೆರಡು ಜನ ಕೆಲಸಕ್ಕಿದ್ರು. ಅವರಲ್ಲಿ ಒಬ್ಬರು ನಲವತ್ತು ದಾಟಿದ ಅಣ್ಣ, ಸಿದ್ದಾಪುರ ರಸ್ತೆಯ ಒಂದು ಹಳ್ಳಿಯಿಂದ ಬಸ್ಸಲ್ಲಿ ಬರ್ತಿದ್ರು. ಈ ಕಥೆ ಹೇಳೋಕೆ ಅವರನ್ನೇ ಕೇಳಿದ್ದೀನಿ. ‘ಹೆಸರು ಬೇಡ ತಂಗಿ. ತೂಕ ಮಾತ್ರ ಸರಿ ಹೇಳು’ ಅಂದ್ರು. ಹಾಗಾಗಿ ಇಲ್ಲಿ ಅವರು ಬರೀ ಅಣ್ಣ.

ಚಾಲಿ ರಾಶಿಯಿಂದ ಬಿಳಿಗೋಟು, ಕೋಕಾ ಬೇರೆ ಮಾಡೋದ್ರಲ್ಲಿ ಅವರ ಕೈ ಹಿಡಿಯೋರು ಯಾರೂ ಇರ್ಲಿಲ್ಲ. ನಮ್ಮಂಥವರಿಗೆ ಎಲ್ಲ ಅಡಿಕೆನೂ ಒಂದೇ ಥರ ಕಾಣುತ್ತೆ. ಅವರು ಬೆರಳಲ್ಲಿ ಮುಟ್ಟಿದ್ರೆ ಸಾಕು. ಆದ್ರೆ ಅವರ ವಿಷಯದಲ್ಲಿ ಕೆಲವು ನಿಯಮ ಬೇರೆ ಇದ್ದವು. ಉಳಿದವರು ಎಂಟೂವರೆಗೆ ಬಂದ್ರೆ ಅವರು ಹತ್ತಕ್ಕೆ ಬರ್ತಿದ್ರು. ಲಾರಿ ಲೋಡ್ ಮಾಡೋ ಕಡೆ ಅವರನ್ನ ಕರೀತಿರ್ಲಿಲ್ಲ. ಅವರಿಗೆ ಕೆಲಸ ಹೇಳೋದು ಒಬ್ಬರೇ, ನಮ್ಮ ಹಿರಿಯ ಮೇಸ್ತ್ರಿ. ಮಧ್ಯೆ ಒಮ್ಮೊಮ್ಮೆ ಎದ್ದು ಹೋಗಿ ಹಿತ್ತಲಲ್ಲಿ ಹತ್ತು ನಿಮಿಷ ತಿರುಗಾಡಿ ಬರ್ತಿದ್ರು, ಯಾರೂ ಏನೂ ಕೇಳ್ತಿರ್ಲಿಲ್ಲ. ನಾನು ಹೊಸಬಳು. ಇದೇನು ಇವರಿಗೆ ಮಾತ್ರ ಸವಲತ್ತು ಅಂತ ಅನ್ನಿಸ್ತಿತ್ತು. ಆಮೇಲೆ ಮೇಸ್ತ್ರಿ ಹೇಳಿದ್ರು: ಅಣ್ಣನಿಗೆ ಸ್ಕಿಜೋಫ್ರೀನಿಯಾ ಇದೆ, ವರ್ಷಗಳಿಂದ ಮಾತ್ರೆ ತಗೋತಿದ್ದಾರೆ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಒಂಬತ್ತರವರೆಗೂ ಬಿಡೋದಿಲ್ಲ. ಕಿವಿಯಲ್ಲಿ ಧ್ವನಿ ಕೇಳಿಸೋಕೆ ಶುರುವಾದ್ರೆ ಎದ್ದು ನಡೆದಾಡಿದ್ರೆ ಕಡಿಮೆ ಆಗುತ್ತೆ. ಅಷ್ಟೇ.

ಈ ಕಾಯಿಲೆ ಅಂದ ತಕ್ಷಣ ಸಿನಿಮಾದಲ್ಲಿ ತೋರಿಸೋ ‘ಎರಡು ವ್ಯಕ್ತಿತ್ವ’ ನೆನಪಾದ್ರೆ ಅದನ್ನ ಇಲ್ಲೇ ಬಿಟ್ಟುಬಿಡಿ. ಅದು ಇದಲ್ಲ. ಇಲ್ಲದ ಧ್ವನಿ ಕೇಳಿಸೋದು, ಯಾರೋ ತನ್ನ ಬಗ್ಗೆ ಸಂಚು ಮಾಡ್ತಿದ್ದಾರೆ ಅನ್ನೋ ಬಲವಾದ ಅನುಮಾನ, ಯಾರ ಜೊತೆಗೂ ಬೆರೆಯಬೇಕು ಅನ್ನಿಸದೇ ಇರೋದು, ಹುಮ್ಮಸ್ಸು ಇಂಗಿಹೋಗೋದು, ಇವು ಇದರ ಮುಖ್ಯ ಲಕ್ಷಣಗಳು. ಮಾತ್ರೆಯಿಂದ ಹೆಚ್ಚಿನವರಿಗೆ ಹತೋಟಿಗೆ ಬರುತ್ತೆ. ಮಾತ್ರೆ ದಿಢೀರ್ ನಿಂತ್ರೆ ಮರಳಿ ಬರೋ ಅಪಾಯ ಜಾಸ್ತಿ.

2020ರ ಮಾರ್ಚ್ ಮೊದಲ ವಾರ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಊರು ತುಂಬ ಜನ. ನಾವೆಲ್ಲ ಭುಜಕ್ಕೆ ಭುಜ ತಾಗಿಸಿ ತೇರು ನೋಡಿದ್ವಿ. ಜಾತ್ರೆ ಮುಗಿದು ಎರಡು ವಾರ ಆಗಿತ್ತಷ್ಟೇ, 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಪೂರ್ತಿ ಲಾಕ್‌ಡೌನ್. ಆ ವರ್ಷ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಹೆದರಿಕೆ ಬೇರೆ ಇತ್ತು. ಬೆಟ್ಟಕ್ಕೆ ಸೊಪ್ಪಿಗೆ ಹೋಗೋಕೂ ಭಯ, ಪೇಟೆಗೆ ಬರೋಕೂ ಭಯ.

ಚಾಲಿ ಅಡಿಕೆ ಬರೋ ಸೀಸನ್‌ನಲ್ಲೇ ವಖಾರಿಗೆ ಬೀಗ ಬಿತ್ತು. ನಮ್ಮ ಯಜಮಾನ್ರು ಕೆಟ್ಟವರಲ್ಲ. ನನಗೆ ಫೋನ್ ಮಾಡಿ, ‘ಎಲ್ಲರಿಗೂ ವಾರಕ್ಕೊಂದ್ ಸಲ ಫೋನ್ ಮಾಡು, ಅಕ್ಕಿ ಗಿಕ್ಕಿ ಇದ್ಯಾ ಕೇಳು, ಬೇಕಾದ್ರೆ ಸ್ವಲ್ಪ ಮುಂಗಡ ಹಾಕು’ ಅಂದ್ರು. ನಾನು ಪಟ್ಟಿ ಇಟ್ಕೊಂಡು ಮಾಡಿದೆ. ಒಬ್ಬರನ್ನ ಬಿಟ್ಟು ಎಲ್ಲರಿಗೂ ಮಾಡಿದೆ.

ಯಾಕೆ ಬಿಟ್ಟೆ ಅಂತ ಕೇಳ್ಬಹುದು. ಮರೆತಿದ್ದಲ್ಲ. ಫೋನಲ್ಲಿ ಏನು ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ‘ಹುಷಾರಾ?’ ಅಂತ ಕೇಳಿದ್ರೆ ಕಾಯಿಲೆ ಬಗ್ಗೆ ಕೇಳಿದಂಗಾಗುತ್ತೇನೋ, ಏನಾದ್ರೂ ವಿಚಿತ್ರವಾಗಿ ಉತ್ತರ ಕೊಟ್ರೆ ನಾನೇನು ಮಾಡ್ಲಿ, ಅನ್ನೋ ಅಳುಕು. ಮೊದಲ ವಾರ ಮುಂದೂಡಿದೆ. ಎರಡನೇ ವಾರ ‘ಹೋದ ವಾರ ಮಾಡಿಲ್ಲ, ಈಗ ಮಾಡಿದ್ರೆ ಏನಂದ್ಕೋತಾರೋ’ ಅಂತ ಬಿಟ್ಟೆ. ಮೂರನೇ ವಾರಕ್ಕೆ ಆ ಹೆಸರಿನ ಮೇಲೆ ಕಣ್ಣು ಹೋಗೋದೇ ನಿಂತುಹೋಯ್ತು.

ಆ ಹೊತ್ತಲ್ಲಿ ಅಲ್ಲಿ ಏನಾಗ್ತಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮ ಇದೆ, 2014ರಲ್ಲಿ ಶುರುವಾಗಿದ್ದು. ಜಿಲ್ಲಾ ಕೇಂದ್ರಕ್ಕೆ ಹೋಗದೆ ತಾಲ್ಲೂಕು ಆಸ್ಪತ್ರೆಯಲ್ಲೇ ಮಂಗಳವಾರದ ದಿನ ಮಾನಸಿಕ ಕಾಯಿಲೆಗೆ ಡಾಕ್ಟರು ಸಿಗ್ಬೇಕು ಅನ್ನೋದು ಅದರ ಉದ್ದೇಶ. ನಮ್ಮಂಥ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳೀಬೇಕು, ಶಿರಸಿಯಿಂದ ದೇವಿಮನೆ ಘಟ್ಟ ಇಳೀಬೇಕು. ಒಂದು ದಿನ ಪೂರ್ತಿ ಹೋಗುತ್ತೆ, ಒಂದು ದಿನದ ಕೂಲಿಯೂ ಹೋಗುತ್ತೆ. ಅಣ್ಣ ಮಂಗಳವಾರದ ಮಾತ್ರೆಯನ್ನೇ ನಂಬಿದ್ರು. ಕೆಲಸಕ್ಕೆ ಬರೋ ಬಸ್ಸಲ್ಲೇ ಆಸ್ಪತ್ರೆಗೂ ಹೋಗಿ ಬರ್ತಿದ್ರು. ಈಗ ಬಸ್ಸೇ ಇಲ್ಲ. ಮಾತ್ರೆ ಏಪ್ರಿಲ್ ಮಧ್ಯಕ್ಕೆ ಮುಗೀತು. ಕೆಲಸ ಇಲ್ಲ, ಪಗಾರ ಇಲ್ಲ, ಬೆಳಿಗ್ಗೆ ಏಳೋಕೆ ಕಾರಣ ಇಲ್ಲ. ರಸ್ತೆಯಲ್ಲಿ ಕಂಡೋರೆಲ್ಲ ಮುಖ ಮುಚ್ಕೊಂಡಿದ್ದಾರೆ, ದೂರ ನಿಂತು ಪಿಸುಗುಡ್ತಾರೆ. ಜನ ನನ್ನ ಬಗ್ಗೆ ಮಾತಾಡ್ತಿದ್ದಾರೆ ಅಂತ ಮೊದಲೇ ಅನುಮಾನ ಪಡೋ ಮನಸ್ಸಿಗೆ ಆ ದಿನಗಳು ಹೇಗಿದ್ದಿರಬಹುದು, ಯೋಚಿಸಿ ನೋಡಿ.

ವಿಚಿತ್ರ ಅಂದ್ರೆ, ಲಾಕ್‌ಡೌನ್ ಶುರುವಾದ ಅದೇ ದಿನ, 2020ರ ಮಾರ್ಚ್ 25ಕ್ಕೆ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತ್ತು. ಫೋನಲ್ಲಿ, ವಿಡಿಯೋ ಕಾಲಲ್ಲಿ ಡಾಕ್ಟರು ರೋಗಿಯನ್ನ ವಿಚಾರಿಸಿ ಹಳೇ ಮಾತ್ರೆ ಮುಂದುವರಿಸೋಕೆ ಚೀಟಿ ಬರೆದುಕೊಡೋಕೆ ದಾರಿ ಆಗಿತ್ತು. ಅಂದ್ರೆ ಒಂದು ಫೋನಿನಿಂದ ಕೆಲಸ ಆಗೋದಿತ್ತು. ಆ ಫೋನ್ ಮಾಡಿಸೋಕೆ ಒಬ್ಬರು ಬೇಕಿತ್ತು. ನಾನು ವಾರಕ್ಕೊಂದ್ ಸಲ ಮಾಡಿದ್ರೆ ಮಾತ್ರೆ ಮುಗೀತಾ ಬಂದಿದೆ ಅನ್ನೋದು ನನಗೆ ಮೊದಲೇ ತಿಳೀತಿತ್ತು.

ಮೇ ತಿಂಗಳಲ್ಲಿ ವಖಾರಿ ಬಾಗಿಲು ತೆಗೆದ್ವಿ. ಎಲ್ಲರನ್ನೂ ಒಟ್ಟಿಗೆ ಕರೆಯೋ ಹಾಗಿಲ್ಲ, ಅರ್ಧ ಜನ ಸಾಕು ಅಂತಾಯ್ತು. ಯಾರ‍್ಯಾರು ಅಂತ ಪಟ್ಟಿ ಮಾಡೋ ಕೆಲಸ ನನಗೇ ಬಂತು. ನಾನು ಹೆಸರು ಬರೀತಾ ಹೋದೆ. ಅಣ್ಣನ ಹೆಸರು ಬಂದಾಗ ಪೆನ್ನು ನಿಂತಿತು. ಎರಡು ತಿಂಗಳಿಂದ ಮಾತಾಡಿಲ್ಲ, ಹೇಗಿದ್ದಾರೋ ಗೊತ್ತಿಲ್ಲ, ಈ ಟೈಮಲ್ಲಿ ಯಾಕೆ ರಿಸ್ಕು, ಅಂತ ಅಂದ್ಕೊಂಡೆ. ಬಿಟ್ಟೆ. ಯಜಮಾನ್ರು ಕೇಳ್ಲಿಲ್ಲ, ಮೇಸ್ತ್ರಿ ಊರಲ್ಲಿರ್ಲಿಲ್ಲ. ಅವರ ಹತ್ತು ವರ್ಷದ ಹಾಜರಿ ನಿಂತಿದ್ದು ಹೀಗೆ.

ಎರಡು ವಾರ ಬಿಟ್ಟು ಅವರ ಅಕ್ಕ ಬಂದ್ರು. ಬೈಕ್ ಇರೋ ನೆಂಟರ ಹಿಂದೆ ಕೂತು ಬಂದಿದ್ರು. ಗಲಾಟೆ ಮಾಡ್ಲಿಲ್ಲ. ಬಾಗಿಲ ಹತ್ರನೇ ನಿಂತು, ‘ತಂಗೀ, ಅವ ದಿನಾ ಎಂಟೂವರೆಗೆ ಎದ್ದು ಸ್ನಾನ ಮಾಡಿ, ಅಂಗಿ ಹಾಕ್ಕೊಂಡು ಜಗಲಿ ಮೇಲೆ ಕೂತ್ಕೋತಾನೆ. ಬಸ್ ಬಂದಿಲ್ಲ ಅಂತಾನೆ. ಮಾತ್ರೆ ಮುಗಿದು ತಿಂಗಳ ಮೇಲಾಯ್ತು, ರಾತ್ರಿ ನಿದ್ದೆ ಇಲ್ಲ. ಕೆಲಸ ಇದೆಯಾ ಇಲ್ವಾ ಅಂತ ಒಂದ್ ಮಾತು ಹೇಳಿ. ಇಲ್ಲ ಅಂದ್ರೆ ಇಲ್ಲ ಅಂತಾದ್ರೂ ಹೇಳ್ತೀನಿ’ ಅಂದ್ರು. ನನಗೆ ತಲೆ ಎತ್ತೋಕಾಗ್ಲಿಲ್ಲ. ಹಾಜರಿ ಪುಸ್ತಕ ಟೇಬಲ್ ಮೇಲೆ ತೆರೆದೇ ಇತ್ತು.

ಆಮೇಲೆ ಆಗಿದ್ದು ದೊಡ್ಡ ಪವಾಡ ಏನಲ್ಲ. ಅಕ್ಕ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಮಾತ್ರೆ ಮತ್ತೆ ಶುರುವಾಯ್ತು. ಸುಧಾರಿಸೋಕೆ ಒಂದೂವರೆ ತಿಂಗಳು ಹಿಡೀತು. ಪೂರ್ತಿ ಹುಷಾರಾದ ಮೇಲೆ ಬರ್ಲಿ ಅಂತ ನಾವು ಕಾಯ್ಲಿಲ್ಲ. ಡಾಕ್ಟರನ್ನ ಕೇಳಿ, ವಾರಕ್ಕೆ ಮೂರು ದಿನ, ಅರ್ಧ ದಿನದ ಕೆಲಸದಿಂದ ಶುರು ಮಾಡಿದ್ವಿ. ಅರ್ಧ ದಿನಕ್ಕೆ ಅರ್ಧ ಪಗಾರ, ಕರುಣೆಯ ರೊಕ್ಕ ಇಲ್ಲ. ಪಗಾರ ಅವರ ಕೈಗೇ ಕೊಡೋದು, ನೆಂಟರ ಕೈಗಲ್ಲ. ದೀಪಾವಳಿ ಹೊತ್ತಿಗೆ ಪೂರ್ತಿ ದಿನಕ್ಕೆ ಬಂದ್ರು. ಮೊದಲ ದಿನ ಬಂದಾಗ ಅವರು ನನ್ನ ಕೇಳಿದ್ದು ಒಂದೇ: ‘ತಂಗೀ, ನನ್ನ ತಕ್ಕಡಿ ಯಾರು ಮುಟ್ಟಿದ್ದು?’

ಈ ಎಲ್ಲ ಆದ ಮೇಲೆ ನಾನು ಓದೋಕೆ ಶುರು ಮಾಡಿದೆ. ಮೇಸ್ತ್ರಿ ತಮಗೆ ಗೊತ್ತಿಲ್ಲದೇನೇ ಮಾಡ್ತಿದ್ದ ಕೆಲಸಕ್ಕೆ ಜಗತ್ತಲ್ಲಿ ಒಂದು ಹೆಸರಿದೆ ಅಂತ ಗೊತ್ತಾಯ್ತು: ಸಪೋರ್ಟೆಡ್ ಎಂಪ್ಲಾಯ್ಮೆಂಟ್. ಬೆಂಬಲ ಸಹಿತ ಉದ್ಯೋಗ ಅನ್ನಬಹುದು. ಮೊದಲೆಲ್ಲ ಪದ್ಧತಿ ಹೇಗಿತ್ತು ಅಂದ್ರೆ, ಮಾನಸಿಕ ಕಾಯಿಲೆ ಇದ್ದವರನ್ನ ತರಬೇತಿ ಕೇಂದ್ರದಲ್ಲಿ ವರ್ಷಗಟ್ಟಲೆ ಕೂರಿಸಿ ಮೇಣದಬತ್ತಿ, ಲಕೋಟೆ ಮಾಡಿಸೋದು. ಪೂರ್ತಿ ತಯಾರಾದ್ರು ಅನ್ನಿಸಿದ ಮೇಲೆ ಹೊರಗೆ ಕೆಲಸ ಹುಡುಕೋದು. ಆ ‘ತಯಾರಾದ ದಿನ’ ಬಹಳ ಜನಕ್ಕೆ ಬರ್ತಾನೇ ಇರ್ಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೋರಾ ಬೆಕರ್ ಅನ್ನೋರು ಇದನ್ನ ತಿರುವುಮುರುವು ಮಾಡಿದ್ರು. ಮೊದಲು ನಿಜವಾದ ಕೆಲಸ, ಆಮೇಲೆ ಅಲ್ಲೇ ಕಲಿಕೆ. ಕೆಲಸ ಮಾಡ್ಬೇಕು ಅಂತ ಯಾರಿಗೆ ಆಸೆ ಇದೆಯೋ ಅವರೆಲ್ಲ ಅರ್ಹರು, ಕಾಯಿಲೆ ಎಷ್ಟು ಜೋರಿದೆ ಅಂತ ನೋಡಿ ಹೊರಗಿಡೋ ಹಾಗಿಲ್ಲ. ಅವರಿಗೆ ಇಷ್ಟ ಇರೋ ಕೆಲಸ, ಬೇರೆಯವರಿಗೆ ಕೊಡೋ ಪಗಾರ. ಕೆಲಸ ಹುಡುಕಿಕೊಡೋರು ಮತ್ತು ಡಾಕ್ಟರು ಒಂದೇ ತಂಡ. ಬಹಳ ಮುಖ್ಯವಾದದ್ದು ಕೊನೆಯದು: ಕೆಲಸ ಸಿಕ್ಕ ಮೇಲೂ ಬೆಂಬಲ ನಿಲ್ಲೋದಿಲ್ಲ, ಅವರಿಗೆ ಬೇಕಾದಷ್ಟು ಕಾಲ ಇರುತ್ತೆ. ಬೇರೆ ಬೇರೆ ದೇಶಗಳಲ್ಲಿ ನಡೆದ ಹೋಲಿಕೆ ಅಧ್ಯಯನಗಳಲ್ಲಿ ಹಳೇ ಪದ್ಧತಿಗಿಂತ ಇದರಲ್ಲಿ ಹೆಚ್ಚು ಜನ ಕೆಲಸಕ್ಕೆ ಸೇರಿದ್ದು ಕಂಡಿದೆ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ದಾರಿಯಲ್ಲಿ ಕೆಲಸ ಮಾಡಿದೆ. ಅಲ್ಲಿನ ಪುನರ್ವಸತಿ ವಿಭಾಗದಲ್ಲಿ ಚಿಕಿತ್ಸೆ ಪಡೆಯುತ್ತಿರುವವರೇ ಬೇಕರಿ, ಕೆಫೆ ಕೆಲಸ ಮಾಡ್ತಾರೆ. ಹೊರಗಿನ ಉದ್ಯೋಗದಾತರ ಹತ್ರ ಕೆಲಸ ಹುಡುಕಿಕೊಟ್ಟು ಬೆನ್ನಿಗೆ ನಿಲ್ಲೋ ಪ್ರಯತ್ನವೂ ನಡೆದಿದೆ. ಆದ್ರೆ ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ನಮ್ಮ ಪಕ್ಕದ ಮಲೆನಾಡಿನದ್ದೇ ಕಥೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ 2000ದ ದಶಕದ ಮಧ್ಯದಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡಿತು. ಅದೇ ಅಡಿಕೆ ತೋಟ, ಅದೇ ಮಳೆ, ಅದೇ ಬಸ್ಸಿನ ತೊಂದರೆ. ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಪಡೆಯದವರಿಗಿಂತ ಸುಧಾರಿಸಿದ್ದನ್ನು ಆ ಅಧ್ಯಯನಗಳು ತೋರಿಸಿದವು. ತೋಟದ ಕೆಲಸ, ಮನೆ ಕೆಲಸಕ್ಕೆ ಮರಳಿದವರೂ ಇದ್ದರು.

ಇನ್ನೊಂದು ಅಂಕಿ ಹೇಳ್ತೀನಿ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಾದವರಲ್ಲಿ ಅದು ಸಿಗದೇ ಇರೋರ ಪ್ರಮಾಣ ಕಾಯಿಲೆಗೆ ತಕ್ಕ ಹಾಗೆ ಶೇ 70ರಿಂದ 92ರವರೆಗೆ ಇತ್ತು. ಮಾತ್ರೆನೇ ಸಿಗದ ಕಡೆ ಕೆಲಸದ ಮಾತು ಎಲ್ಲಿಂದ ಅಂತ ಕೇಳ್ತಾರೆ. ನಾನು ಉಲ್ಟಾ ನೋಡ್ತೀನಿ. ಅಣ್ಣನಿಗೆ ಮಾತ್ರೆ ಸರಿಯಾಗಿ ಸಿಗ್ತಿದ್ದದ್ದೇ ಕೆಲಸದಿಂದ. ಕೆಲಸದ ಬಸ್ಸು, ಪಗಾರದ ರೊಕ್ಕ, ‘ಮಂಗಳವಾರ ಹೋಗಿ ಬಾ’ ಅಂತ ನೆನಪಿಸೋ ಮೇಸ್ತ್ರಿ. ಕೆಲಸ ನಿಂತಾಗ ಇದೆಲ್ಲ ಒಟ್ಟಿಗೆ ನಿಂತಿತು.

ಎಲ್ಲರಿಗೂ ವಖಾರಿ ಇರೋದಿಲ್ಲ, ನಿಜ. ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿಯ ತಾಯಿ ಮಗಳನ್ನ ಈ ಸಂಚಿಕೆಗಾಗಿ ಮಾತಾಡಿಸಿದೆ. ಮಗಳಿಗೆ ಬೈಪೋಲಾರ್ ಕಾಯಿಲೆ. ಹುಬ್ಬಳ್ಳಿಯ ಅಂಗಡಿ ಕೆಲಸ ಲಾಕ್‌ಡೌನಲ್ಲಿ ಹೋಯ್ತು, ಊರಿಗೆ ಬಂದಳು. ಅವಳನ್ನ ಮತ್ತೆ ಎದ್ದು ನಿಲ್ಲಿಸಿದ್ದು ಉದ್ಯೋಗ ಖಾತ್ರಿ. ಅಮ್ಮನ ಜೊತೆ ಇಂಗುಗುಂಡಿ ತೆಗೆಯೋ ಕೆಲಸಕ್ಕೆ ಹೋದಳು. 2020–21ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 275 ರೂಪಾಯಿ. ಆಗ ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ 50 ರಿಯಾಯಿತಿ ಇತ್ತು, ಕೂಲಿ ಮಾತ್ರ ಪೂರ್ತಿ. ಗುಂಪಿನ ಕಾಯಕ ಬಂಧು ಅವಳಿಗೆ ಮೊದಲು ಹಾಜರಿ ತಗೊಳ್ಳೋ ಕೆಲಸದಲ್ಲಿ ಸಹಾಯಕ್ಕೆ ಕರ್ಕೊಂಡ್ರು. ‘ಮನೇಲಿ ನಾನು ಪೇಷಂಟು. ಅಲ್ಲಿ ನಾನು ಹಾಜರಿ ತಗೊಳ್ಳೋಳು’ ಅಂದಳು ಆ ಹುಡುಗಿ. ಈ ಮಾತು ನನಗೆ ಬಹಳ ದಿನ ಕಿವಿಯಲ್ಲೇ ಇತ್ತು.

ಇಲ್ಲಿ ಕಾನೂನಿನ ಎರಡು ಮಾತು ತಿಳ್ಕೊಂಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಗುರುತಿಸುತ್ತೆ, ಅದರಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕಿದ್ರೆ ಯುಡಿಐಡಿ ಕಾರ್ಡು ಮತ್ತು ಸವಲತ್ತು ಸಿಗುತ್ತೆ. ಸರ್ಕಾರಿ ಕೆಲಸದ ಶೇ 4 ಮೀಸಲಾತಿಯಲ್ಲಿ ಶೇ 1 ಭಾಗ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇರೋರಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಮಾಜದ ನಡುವೆ ಬದುಕೋದು ಹಕ್ಕು ಅಂತ ಹೇಳುತ್ತೆ. ಇದೆಲ್ಲ ಎಲ್ಲಿ ಕೇಳ್ಬೇಕು ಅಂದ್ರೆ, ಗ್ರಾಮ ಪಂಚಾಯ್ತಿಯಲ್ಲಿ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರು ಇರ್ತಾರೆ, ಸಾಮಾನ್ಯವಾಗಿ ಅವರೂ ಅಂಗವಿಕಲರೇ. ತಾಲ್ಲೂಕು ಮಟ್ಟದಲ್ಲಿ ಅವರ ಮೇಲೊಬ್ಬರು. ಬಹಳ ಜನ ಅವರ ಹತ್ರ ಗಾಲಿಕುರ್ಚಿ, ಪಿಂಚಣಿಗೆ ಮಾತ್ರ ಹೋಗ್ತಾರೆ. ಮಾನಸಿಕ ಕಾಯಿಲೆ ಇರೋರ ಮನೆಯವರು ನಾಚಿಕೆಯಿಂದ ಹೋಗೋದೇ ಇಲ್ಲ. ಹೋಗಿ ಕೇಳಿ.

ಈಗ ಒಂದು ಪ್ರಶ್ನೆ ಖಂಡಿತ ಬರುತ್ತೆ: ಯಜಮಾನನಿಗೆ ಇದರಿಂದ ನಷ್ಟ ಅಲ್ವಾ? ನಾನು ಕಾಮರ್ಸ್ ಓದಿದೋಳು, ಲೆಕ್ಕ ಹಾಕಿ ನೋಡಿದೆ. ಅಣ್ಣ ಒಂದೂವರೆ ತಾಸು ತಡವಾಗಿ ಬರ್ತಾರೆ, ಅದನ್ನ ಸಂಜೆ ಮುಗಿಸಿ ಹೋಗ್ತಾರೆ. ವಾರಕ್ಕೆ ಹತ್ತು ನಿಮಿಷದ ಒಂದು ಫೋನು, ತಿಂಗಳಿಗೆ ಮುಕ್ಕಾಲು ತಾಸೂ ಇಲ್ಲ. ಇನ್ನೊಂದು ಕಡೆ, ಅವರಿಲ್ಲದ ಆರು ತಿಂಗಳಲ್ಲಿ ಹೊಸ ಹುಡುಗರು ಕೋಕಾವನ್ನ ಚಾಲಿಗೆ ಸೇರಿಸಿ ಎರಡು ಲಾಟು ವಾಪಸ್ ಬಂದಿತ್ತು. ನಮ್ಮ ವಖಾರಿ ಮಟ್ಟಿಗೆ ಅಣ್ಣನನ್ನ ಬಿಟ್ಟದ್ದೇ ನಷ್ಟ. ಹಾಗಂತ ಎಲ್ಲ ಕಡೆ, ಎಲ್ಲರ ವಿಷಯದಲ್ಲೂ ಲಾಭವೇ ಆಗುತ್ತೆ ಅಂತ ನಾನು ಹೇಳೋದಿಲ್ಲ. ಕೆಲವರಿಗೆ ಕೆಲಸ ಹೊಂದೋದಿಲ್ಲ, ಕೆಲವರು ಮಧ್ಯದಲ್ಲಿ ಬಿಡ್ತಾರೆ. ಕಾಯಿಲೆ ಇಲ್ಲದವರೂ ಬಿಡ್ತಾರಲ್ವಾ. ಅವರಿಗೆ ಎರಡನೇ ಕೆಲಸ ಹುಡುಕೋ ಅವಕಾಶ ಇರುತ್ತೆ, ಇವರಿಗೂ ಇರ್ಬೇಕು.

ಎರಡನೇ ಪ್ರಶ್ನೆ, ಕಾಯಿಲೆ ಬಗ್ಗೆ ಕೆಲಸದ ಕಡೆ ಹೇಳ್ಬೇಕಾ ಬೇಡ್ವಾ? ಅದು ಅವರದೇ ನಿರ್ಧಾರ. ಮೇಸ್ತ್ರಿ ನನಗೆ ಹೇಳಿದ್ದು ಒಳ್ಳೇ ಉದ್ದೇಶಕ್ಕೇ ಆಗಿದ್ರೂ ಅಣ್ಣನನ್ನ ಕೇಳಿ ಹೇಳಿರ್ಲಿಲ್ಲ. ನನಗೆ ಕಾಯಿಲೆಯ ಹೆಸರು ಗೊತ್ತಿರದೇ ಇದ್ದಿದ್ರೆ ಫೋನ್ ಮಾಡೋಕೆ ಬಹುಶಃ ಹೆದರ್ತಾನೂ ಇರ್ಲಿಲ್ಲ. ಇಡೀ ಊರಿಗೆ ಹೇಳ್ಬೇಕಾಗಿಲ್ಲ. ‘ಬೆಳಿಗ್ಗೆ ಹತ್ತಕ್ಕೆ ಬಂದ್ರೆ ನನ್ನ ಕೆಲಸ ಚೆನ್ನಾಗಿ ಆಗುತ್ತೆ’ ಅಂತ ಒಬ್ಬರ ಹತ್ರ ಹೇಳೋಕೆ ಆದ್ರೆ ಸಾಕು.

2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಎಲ್ಲ ಬಂದ್ ಆಯ್ತು, ಎರಡನೇ ಅಲೆ. ಈ ಸಲ ಬಾಗಿಲು ಹಾಕೋ ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದ್ವಿ: ಮಾತ್ರೆ ಎಷ್ಟು ದಿನಕ್ಕಿದೆ, ಮುಗಿದ್ರೆ ಯಾರು ತರ್ತಾರೆ, ಅಕ್ಕನ ನಂಬರ್ ಯಾವುದು, ಮುಂಗಡ ಎಷ್ಟು. ಉಳಿದವರಿಗೆ ಕೊಟ್ಟಷ್ಟೇ ಮುಂಗಡ. ಪ್ರತಿ ಶುಕ್ರವಾರ ಸಂಜೆ ನನ್ನ ಫೋನು. ಮೊದಮೊದಲು ನನಗೆ ಮುಜುಗರ. ಆಮೇಲೆ ಒಂದು ಉಪಾಯ ಸಿಕ್ಕಿತು. ಕಾಯಿಲೆ ಬಗ್ಗೆ ಕೇಳೋದರ ಬದಲು ಕೆಲಸದ ಬಗ್ಗೆ ಕೇಳ್ತಿದ್ದೆ. ‘ಅಣ್ಣ, ಈ ಸಲ ಮಳೆಗೆ ಚಾಲಿ ಬೂಸು ಹಿಡಿಯುತ್ತಾ?’ ಅಂದ್ರೆ ಅವರು ಹತ್ತು ನಿಮಿಷ ಮಾತಾಡೋರು. ಆ ಮಾತಿನ ಧಾಟಿಯಲ್ಲೇ ಅವರು ಹೇಗಿದ್ದಾರೆ ಅಂತ ಗೊತ್ತಾಗ್ತಿತ್ತು. ಒಂದು ವಾರ ಮಾತು ತುಂಡು ತುಂಡಾಗಿತ್ತು, ಅಕ್ಕನಿಗೆ ಹೇಳಿದೆ, ಅವರು ಡಾಕ್ಟರಿಗೆ ಫೋನಲ್ಲಿ ಮಾತಾಡಿದ್ರು. ಅಷ್ಟರಲ್ಲೇ ಸರಿಹೋಯ್ತು.

ಆ ಜುಲೈ ನೆನಪಿರಬಹುದು. ವಿಪರೀತ ಮಳೆ, ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸೀತು, ಅರಬೈಲ್ ಘಟ್ಟದ ರಸ್ತೆಯೂ ಬಂದ್ ಆಯ್ತು. ಆ ಯಲ್ಲಾಪುರದ ಹುಡುಗಿಯ ಮನೆಯವರು ಆಗ ಮಾಡಿದ್ದೂ ಇದನ್ನೇ. ಆಶಾ ಕಾರ್ಯಕರ್ತೆ ಹತ್ರ ಮೊದಲೇ ಹೇಳಿ ಒಂದು ತಿಂಗಳ ಮಾತ್ರೆ ಜಾಸ್ತಿ ಇಟ್ಕೊಂಡಿದ್ರು. ಕೊರೊನಾ ಇರ್ಲಿ, ಗುಡ್ಡ ಕುಸಿತ ಇರ್ಲಿ, ನಮ್ಮ ಕಡೆ ವರ್ಷಕ್ಕೊಮ್ಮೆ ಏನಾದ್ರೂ ಒಂದು ಕಾರಣಕ್ಕೆ ರಸ್ತೆ ಮುಚ್ಚುತ್ತೆ. ಹಾಗಾಗಿ ಆ ಹಾಳೆ ಕೊರೊನಾ ಮುಗಿದ ಮೇಲೂ ಬೇಕು.

ಕೇಳ್ತಿರೋರಲ್ಲಿ ಅಂಗಡಿ ನಡೆಸೋರು, ಗ್ಯಾರೇಜು, ಹೋಟೆಲ್, ತೋಟ ಇರೋರು ಇದ್ದೀರಿ ಅಂತ ಗೊತ್ತು. ನಿಮ್ಮ ಹತ್ರ ಕೇಳೋದು ದಾನ ಅಲ್ಲ. ಸಮಯದಲ್ಲಿ ಸ್ವಲ್ಪ ಸಡಿಲ ಮಾಡಿ. ಕೆಲಸ ಹೇಳೋಕೆ ಒಬ್ಬರನ್ನ ಗೊತ್ತು ಮಾಡಿ. ಆಸ್ಪತ್ರೆಯ ದಿನ ರಜೆ ಕೊಡಿ. ಪಗಾರ ಅವರ ಕೈಗೇ ಕೊಡಿ. ಅವರು ಎರಡು ದಿನ ಬರದೇ ಇದ್ರೆ ಹೆಸರು ಹೊಡೆದು ಹಾಕೋ ಮುಂಚೆ ಒಂದು ಫೋನ್ ಮಾಡಿ. ನಿಮ್ಮ ಮನೆಯಲ್ಲೇ, ನಿಮಗೇ ತೊಂದರೆ ಇದ್ರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಗಳವಾರದ ಕ್ಲಿನಿಕ್ ನಿಮ್ಮ ತಾಲ್ಲೂಕಲ್ಲಿ ಯಾವ ಮಂಗಳವಾರ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ನಾನು ಆ ವಖಾರಿ ಬಿಟ್ಟು ಈಗ ಎರಡು ವರ್ಷ ಆಯ್ತು. ಅಣ್ಣ ಇನ್ನೂ ಹೋಗ್ತಾರೆ, ವಾರಕ್ಕೆ ನಾಲ್ಕು ದಿನ. ಉಳಿದ ದಿನ ಅಕ್ಕನ ಮನೆಯಲ್ಲಿ ಅಡಿಕೆ ಸುಲಿಯೋಕೆ ಕೂರ್ತಾರೆ. ಹೋದ ವರ್ಷ ಒಂದು ಸಲ ಮತ್ತೆ ಹದಗೆಟ್ಟಿತ್ತು, ಮೂರು ವಾರ ಬರ್ಲಿಲ್ಲ. ಅವರ ಜಾಗ ಹಾಗೇ ಇತ್ತು. ಶುಕ್ರವಾರದ ಫೋನನ್ನ ಈಗ ನನ್ನ ಜಾಗಕ್ಕೆ ಬಂದ ಹುಡುಗ ಮಾಡ್ತಾನೆ. ಬಿಟ್ಟು ಬರುವಾಗ ನಾನು ಅವನಿಗೆ ಜಿಎಸ್‌ಟಿ ಪಾಸ್‌ವರ್ಡ್ ಜೊತೆ ಆ ಹಾಳೆಯನ್ನೂ ಕೊಟ್ಟಿದ್ದೆ.

ಆದ್ರೂ ಶುಕ್ರವಾರ ಸಂಜೆ ನಂಗೆ ಕೈ ಸುಮ್ನಿರೋದಿಲ್ಲ, ನಾನೂ ಒಂದು ಫೋನ್ ಹಾಕ್ತೀನಿ. ಈ ಸಂಚಿಕೆ ಬರೆದು ಮುಗಿಸಿದ ಮೇಲೆ ಅವರಿಗೆ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ, ‘ಅಡ್ಡಿಲ್ಲೆ. ಆದ್ರೆ ವಾಪಸ್ ಬಂದದ್ದು ಎರಡಲ್ಲ ತಂಗಿ, ಮೂರು ಲಾಟು’ ಅಂದ್ರು. ತೂಕ ಸರಿ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ, ಹಾಗಾಗಿ ತಿದ್ದಿಕೊಳ್ಳಿ: ಮೂರು ಲಾಟು.